ಆಫ್ರಿಕಾದ ರಾಜಧಾನಿಗಳಲ್ಲಿ ಏರ್‌ಪೋರ್ಟ್‌ನಿಂದ ಊರೊಳಗೆ, ಊರಿನಿಂದ ಏರ್‌ಪೋರ್ಟ್‌ಗೆ

ನೈರೋಬಿಯ ಏರ್‌ಪೋರ್ಟ್ ಊರ ನಡುವಿನಿಂದ 15–18 ಕಿ.ಮೀ. ದೂರ. ಆಡಿಸ್ ಅಬಾಬಾದ್ದು ಸುಮಾರು 6, ಕಂಪಾಲಾದ್ದು 40. ಈ ಅಂಕಿಗಳನ್ನು ನಂಬಿ ಹೊತ್ತು ಲೆಕ್ಕ ಹಾಕಿದರೆ ವಿಮಾನ ತಪ್ಪುತ್ತದೆ. ನೈರೋಬಿಯಲ್ಲಿ ಬೆಳಗಿನ ಜಾವ ಅರ್ಧ ಗಂಟೆಯೊಳಗೆ ಮುಗಿಯುವ ದಾರಿ ಮಳೆ ಬಂದ ಶುಕ್ರವಾರದ ಸಂಜೆ ಎರಡು ಗಂಟೆ ತಿನ್ನಬಹುದು. ಸಿಲ್ಕ್ ಬೋರ್ಡ್ ಸಿಗ್ನಲ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೂರಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಮೂರು: ಯಾವ ಹೊತ್ತಿಗೆ ಹೊರಡುತ್ತೀರಿ, ದುಡ್ಡು ಹೇಗೆ ಕೊಡುತ್ತೀರಿ, ಕಾರು ಎಲ್ಲಿ ನಿಂತಿರುತ್ತದೆ. ಈ ಮೂರೂ ಊರಿಂದೂರಿಗೆ ಬೇರೆ.

ಹೊರಡುವ ಮೊದಲು ಮನೆಯಲ್ಲೇ ಮುಗಿಸಬೇಕಾದದ್ದು

ಮೊದಲು ಕಾರ್ಡ್. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಹೊಸ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪ್‌ಗೆ ಹೋಗಿ ಎಟಿಎಂ, ಅಂಗಡಿಯ ಮೆಷಿನ್, ಆನ್‌ಲೈನ್ ಮೂರನ್ನೂ ಬೇರೆ ಬೇರೆಯಾಗಿ ಆನ್ ಮಾಡಬೇಕು. ಎಟಿಎಂ ಒಂದನ್ನೇ ಆನ್ ಮಾಡಿ ಹೋದವರಿಗೆ ಕ್ಯಾಬ್ ಆ್ಯಪ್‌ನಲ್ಲಿ ಕಾರ್ಡ್ ಯಾಕೆ ನಡೆಯುತ್ತಿಲ್ಲ ಎಂಬುದು ತಿಳಿಯುವುದೇ ಇಲ್ಲ. ಆನ್‌ಲೈನ್ ಪಾವತಿಯ ಓಟಿಪಿ ಭಾರತದ ನಂಬರಿಗೆ ಬರುವುದರಿಂದ ರೋಮಿಂಗ್ ಚಾಲೂ ಇರಲಿ. ಕರೆ, ಡೇಟಾ ಬೇಡ, ಎಸ್‌ಎಂಎಸ್ ಬಂದರೆ ಸಾಕು. ಇಲ್ಲಿ ಹೇಳುವ ಯಾವ ಊರಿನ ಟ್ಯಾಕ್ಸಿಯವನಿಗೂ ಯುಪಿಐ ಗೊತ್ತಿಲ್ಲ.

ಕ್ಯಾಬ್ ಆ್ಯಪ್‌ಗಳನ್ನು ಊರಲ್ಲಿದ್ದಾಗಲೇ ಇಳಿಸಿಕೊಂಡು, ಓಟಿಪಿ ಪಡೆದು, ಲಾಗಿನ್ ಆಗಿಯೇ ಹೊರಡಿ. ವಿಮಾನ ಇಳಿದ ಮೇಲೆ, ಬ್ಯಾಗಿಗೆ ಕಾಯುತ್ತಾ, ಏರ್‌ಪೋರ್ಟಿನ ಆಮೆಗತಿಯ ವೈಫೈನಲ್ಲಿ ಮಾಡುವ ಕೆಲಸವಲ್ಲ ಅದು.

ಡಾಲರ್ ನೋಟುಗಳ ವಿಷಯದಲ್ಲಿ ಪೂರ್ವ ಆಫ್ರಿಕಾ ಭಾರೀ ಕಟ್ಟುನಿಟ್ಟು. ಹಳೆಯ ಸರಣಿಯ ನೋಟು, ಮಡಿಕೆ ಬಿದ್ದದ್ದು, ಅಂಚು ಹರಿದದ್ದು, ಪೆನ್ನಿನ ಗೀಟು ಇರುವುದು ಯಾವುದನ್ನೂ ತೆಗೆದುಕೊಳ್ಳುವುದಿಲ್ಲ. ಉಗಾಂಡಾದಲ್ಲಿ 50 ಮತ್ತು 100ರ ನೋಟಿಗೆ ಒಂದು ದರ, 20ರಿಂದ ಕೆಳಗಿನ ನೋಟಿಗೆ ಅದಕ್ಕಿಂತ ಕಡಿಮೆ ದರ. ಬೆಂಗಳೂರಿನಲ್ಲಿ ಡಾಲರ್ ಕೊಳ್ಳುವಾಗಲೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ, ಹಳೆಯದನ್ನು ಅಲ್ಲೇ ವಾಪಸ್ ಮಾಡಿ. ಇಳಿದ ಮೇಲೆ ಏರ್‌ಪೋರ್ಟ್‌ನಲ್ಲಿ ಟ್ಯಾಕ್ಸಿಗೂ ಮೊದಲ ದಿನದ ಊಟಕ್ಕೂ ಆಗುವಷ್ಟು ಮಾತ್ರ ಬದಲಾಯಿಸಿಕೊಂಡು, ಅದರಲ್ಲಿ ಸಣ್ಣ ನೋಟುಗಳನ್ನು ಕೇಳಿ ಪಡೆಯಿರಿ. ಚಾಲಕನ ಬಳಿ ಚಿಲ್ಲರೆ ಇರುವುದಿಲ್ಲ, ಅಥವಾ ಇದ್ದರೂ ಇರುವುದಿಲ್ಲ. ಎಟಿಎಂ ‘ರೂಪಾಯಿಯಲ್ಲಿ ಕಡಿತ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ. ಸ್ಥಳೀಯ ಕರೆನ್ಸಿಯನ್ನೇ ಆರಿಸಿದರೆ ಉಳಿತಾಯ.

ಇ-ಸಿಮ್ ಹಾಕಿಕೊಂಡು ಹೋಗುವವರಿಗೆ ಒಂದು ಎಚ್ಚರಿಕೆ. ಡೇಟಾ ಬರುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಸ್ಥಳೀಯ ನಂಬರ್ ಇರುವುದಿಲ್ಲ. ಆಫ್ರಿಕಾದ ಕ್ಯಾಬ್ ಚಾಲಕರು ಬುಕಿಂಗ್ ಬಂದ ತಕ್ಷಣ ಫೋನ್ ಮಾಡುತ್ತಾರೆ: ಎಲ್ಲಿದ್ದೀರಿ, ಎಲ್ಲಿಗೆ ಹೋಗಬೇಕು, ಕ್ಯಾಶೋ ಕಾರ್ಡೋ. ಆ ಕರೆ ತಲುಪದಿದ್ದರೆ ಬುಕಿಂಗ್ ರದ್ದು. ಆಗಮನ ದ್ವಾರದ ಬಳಿಯ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಕೊಳ್ಳುವುದು ಕಾಲು ಗಂಟೆಯ ಕೆಲಸ. ಎರಡು ದಿನಕ್ಕಿಂತ ಹೆಚ್ಚು ಇರುವುದಾದರೆ ಆ ಕಾಲು ಗಂಟೆ ದಂಡವಲ್ಲ.

ನೈರೋಬಿ

ಜೋಮೊ ಕೆನ್ಯಾಟ ವಿಮಾನ ನಿಲ್ದಾಣ ಊರಿನ ಆಗ್ನೇಯಕ್ಕೆ, ಎಂಬಾಕಾಸಿಯಲ್ಲಿದೆ. ಊರಿಗೆ ಹಳೆಯ ದಾರಿ ಮೊಂಬಾಸಾ ರಸ್ತೆ. ಅದರ ನೆತ್ತಿಯ ಮೇಲೆ 2022ರಲ್ಲಿ ತೆರೆದ ನೈರೋಬಿ ಎಕ್ಸ್‌ಪ್ರೆಸ್‌ವೇ ಹಾದಿದೆ. ಮ್ಲೊಲೊಂಗೊದಿಂದ ವೆಸ್ಟ್‌ಲ್ಯಾಂಡ್ಸ್‌ವರೆಗೆ 27 ಕಿ.ಮೀ., ಟೋಲ್ ರಸ್ತೆ, ಬೈಕಿಗೂ ಟುಕ್‌ಟುಕ್‌ಗೂ ಪ್ರವೇಶವಿಲ್ಲ. ಹೋದಷ್ಟು ದೂರಕ್ಕೆ ಟೋಲ್. 2024ರ ಪರಿಷ್ಕರಣೆಯಲ್ಲಿ ಪೂರ್ತಿ ಉದ್ದಕ್ಕೆ ಕಾರಿಗೆ 500 ಶಿಲ್ಲಿಂಗ್ ಆಯಿತು. ಏರ್‌ಪೋರ್ಟ್‌ನಿಂದ ಹತ್ತುವವರಿಗೆ ಅದಕ್ಕಿಂತ ಕಡಿಮೆ.

ಕಾರು ಹತ್ತಿದ ಮೇಲೆ ಚಾಲಕ ಕೇಳುವ ಮೊದಲ ಪ್ರಶ್ನೆ ಇದೇ: ಎಕ್ಸ್‌ಪ್ರೆಸ್‌ವೇನೋ, ಕೆಳಗಿನ ದಾರಿಯೋ? ಆ್ಯಪ್ ತೋರಿಸುವ ಬಾಡಿಗೆಯಲ್ಲಿ ಟೋಲ್ ಸೇರಿದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಸೇರಿಲ್ಲದಿದ್ದರೆ ಅದನ್ನು ನಗದಾಗಿ ನೀವೇ ಕೊಡಬೇಕು. ಹಗಲು ಹೊತ್ತಿನಲ್ಲಿ, ಅದರಲ್ಲೂ ಹೋಟೆಲ್ ವೆಸ್ಟ್‌ಲ್ಯಾಂಡ್ಸ್ ಅಥವಾ ಮ್ಯೂಸಿಯಂ ಹಿಲ್ ಕಡೆ ಇದ್ದರೆ, ಟೋಲ್ ಕೊಟ್ಟು ಮೇಲೆಯೇ ಹೋಗಿ. ರಾತ್ರಿ ಹನ್ನೊಂದರ ನಂತರ ಕೆಳಗಿನ ದಾರಿಯೂ ಖಾಲಿ. ಎಕ್ಸ್‌ಪ್ರೆಸ್‌ವೇಗೂ ಒಂದು ದೌರ್ಬಲ್ಯ ಇದೆ. ಮೇಲೆ ಹಾರಿಕೊಂಡು ಬಂದ ಕಾರುಗಳೆಲ್ಲ ಇಳಿಯುವ ಜಾಗದಲ್ಲಿ, ಟೋಲ್ ಗೇಟಿನ ಮುಂದೆ, ಒಟ್ಟಿಗೆ ನಿಲ್ಲುತ್ತವೆ. ಉಳಿಸಿದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಅಲ್ಲಿ ಹೋಗುತ್ತದೆ.

ಊಬರ್, ಬೋಲ್ಟ್, ಲಿಟಲ್, ಫರಾಸ್ ಎಲ್ಲವೂ ಇಲ್ಲಿ ಓಡುತ್ತವೆ. ಕಾರ್ಡ್ ಪಾವತಿ ಆರಿಸಿದರೆ ಚಾಲಕರು ಒಬ್ಬರಾದ ಮೇಲೆ ಒಬ್ಬರು ರದ್ದು ಮಾಡುವುದುಂಟು. ಕಾರ್ಡಿನ ಹಣ ಅವರ ಕೈಗೆ ಬರುವುದು ತಡ, ಪೆಟ್ರೋಲ್ ಬಂಕಿಗೆ ಬೇಕಾದದ್ದು ಇವತ್ತಿನ ದುಡ್ಡು. ಆ್ಯಪ್‌ನಲ್ಲಿ ‘ಕ್ಯಾಶ್’ ಇಟ್ಟರೆ ಈ ತಾಪತ್ರಯವಿಲ್ಲ. ಸಫಾರಿಕಾಂ ಸಿಮ್ ಕೊಂಡು ಎಂ-ಪೆಸಾ (ಫೋನಿನಿಂದಲೇ ದುಡ್ಡು ಕೊಡುವ ವ್ಯವಸ್ಥೆ) ಮಾಡಿಸಿಕೊಂಡರೆ ಇನ್ನೂ ಸುಲಭ, ಕಡಲೆಕಾಯಿ ಮಾರುವವರಿಂದ ಹಿಡಿದು ಕ್ಯಾಬ್‌ವರೆಗೆ ಎಲ್ಲಕ್ಕೂ ನಡೆಯುತ್ತದೆ. ಆಗಮನ ದ್ವಾರದಲ್ಲಿ ‘ಟ್ಯಾಕ್ಸಿ ಟ್ಯಾಕ್ಸಿ’ ಎನ್ನುತ್ತಾ ಜೊತೆಗೆ ಹೆಜ್ಜೆ ಹಾಕುವವರು ಹೇಳುವ ದರ ಆ್ಯಪ್‌ನ ದರಕ್ಕಿಂತ ಎಷ್ಟೋ ಹೆಚ್ಚು. ಟರ್ಮಿನಲ್ 1ಎ, 1ಬಿ, 1ಸಿ, 1ಇ ಎಂದು ಬೇರೆ ಬೇರೆ ಇರುವುದರಿಂದ ನೀವು ಹೊರಬಂದದ್ದು ಯಾವುದರಿಂದ ಎಂದು ಬೋರ್ಡ್ ನೋಡಿಕೊಂಡು ಚಾಲಕನಿಗೆ ಹೇಳಿ. ‘ಅರೈವಲ್‌ನಲ್ಲಿದ್ದೇನೆ’ ಎಂದರೆ ಸಾಲದು.

34ನೇ ನಂಬರಿನ ಬಸ್ ಏರ್‌ಪೋರ್ಟ್‌ನಿಂದ ಊರ ನಡುವಿಗೆ ಬರುತ್ತದೆ, ಕ್ಯಾಬ್ ಬಾಡಿಗೆಯ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ದರ. ಹಗಲಿನಲ್ಲಿ, ಬೆನ್ನಿಗೊಂದು ಬ್ಯಾಗ್ ಮಾತ್ರ ಇದ್ದರೆ ಧಾರಾಳವಾಗಿ ಹತ್ತಿ. ಎರಡು ಸೂಟ್‌ಕೇಸ್ ಇದ್ದರೆ ಬೇಡ. ಬಸ್ ಇಳಿಸುವ ಜಾಗದ ಗದ್ದಲದಲ್ಲಿ ಎರಡು ಕೈಯೂ ಸಾಮಾನಿಗೆ ಹೋದರೆ ಜೇಬು ನೋಡಿಕೊಳ್ಳಲು ಕೈ ಉಳಿಯುವುದಿಲ್ಲ. ಕಾರಿನಲ್ಲಿದ್ದರೂ ಟ್ರಾಫಿಕ್‌ನಲ್ಲಿ ನಿಂತಾಗ ಕಿಟಕಿ ಏರಿಸಿರಲಿ, ಫೋನ್ ಕಿಟಕಿಯ ಬದಿಯ ಕೈಯಲ್ಲಿ ಇರದಿರಲಿ.

ಊರಿನಿಂದ ವಾಪಸ್ ಹೋಗುವಾಗಲೇ ಲೆಕ್ಕ ತಪ್ಪುವುದು. ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ಸ್ಯೊಕಿಮಾವು, ಮ್ಲೊಲೊಂಗೊ, ಅಥಿ ರಿವರ್ ಕಡೆ ಮನೆ ಇರುವವರೆಲ್ಲ ಕೆಲಸ ಮುಗಿಸಿ ಇದೇ ದಿಕ್ಕಿಗೆ ಹೊರಡುತ್ತಾರೆ. ರಾತ್ರಿಯ ಅಂತರರಾಷ್ಟ್ರೀಯ ವಿಮಾನ ಹಿಡಿಯುವವರು ಹೊರಡುವುದೂ ಅದೇ ಹೊತ್ತಿಗೆ. ಮಾರ್ಚ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಮಳೆಗಾಲ, ಆಗ ಇನ್ನೊಂದು ಗಂಟೆ ಸೇರಿಸಿಕೊಳ್ಳಿ.

ಟರ್ಮಿನಲ್ ಕಣ್ಣಿಗೆ ಬೀಳುವ ಮೊದಲೇ ಹೊರಗೇಟಿನ ತಪಾಸಣೆ ಬರುತ್ತದೆ. ಅಲ್ಲಿ ಕಾರು ನಿಲ್ಲುತ್ತದೆ, ಚಾಲಕನನ್ನು ಬಿಟ್ಟು ಎಲ್ಲರೂ ಇಳಿಯಬೇಕು. ನೀವು ಪಕ್ಕದ ಶೆಡ್ಡಿನೊಳಗೆ ನಡೆದು, ಲೋಹಶೋಧಕ ದಾಟಿ ಆಚೆ ಬರುತ್ತೀರಿ. ಚಾಲಕ ಕಾರನ್ನು ಬೇರೆ ಸಾಲಿನಲ್ಲಿ ತಂದು ಮುಂದೆ ನಿಲ್ಲಿಸಿರುತ್ತಾನೆ. ದೊಡ್ಡ ಲಗೇಜು ಕಾರಿನಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿಯುವ ಮೊದಲು ಪಾಸ್‌ಪೋರ್ಟ್, ಫೋನ್, ಪರ್ಸ್ ಕೈಗೆ ತೆಗೆದುಕೊಂಡು, ಕಾರಿನ ನಂಬರನ್ನು ಒಮ್ಮೆ ನೋಡಿಕೊಳ್ಳಿ. ಆಚೆ ಬದಿ ಕಾಯುತ್ತಾ ನಿಂತ ಬಿಳಿ ಕಾರುಗಳೆಲ್ಲ ಒಂದೇ ತರ ಕಾಣುತ್ತವೆ. ಸಾಲು ಉದ್ದವಿದ್ದರೆ ಇದಕ್ಕೇ ಇಪ್ಪತ್ತು ನಿಮಿಷ ಬೇಕು.

ಮಾಸೈ ಮಾರಾದ ಸಣ್ಣ ವಿಮಾನಗಳಲ್ಲಿ ಹೆಚ್ಚಿನವು ಹೊರಡುವುದು ಜೋಮೊ ಕೆನ್ಯಾಟದಿಂದಲ್ಲ, ಲ್ಯಾಂಗಾಟ ರಸ್ತೆಯ ವಿಲ್ಸನ್ ಏರ್‌ಪೋರ್ಟ್‌ನಿಂದ. ಎರಡರ ನಡುವೆ ಊರಿನ ಟ್ರಾಫಿಕ್ ಇದೆ. ಮುಂಬೈಯಿಂದ ಬಂದಿಳಿದು ಅದೇ ದಿನ ಮಾರಾಕ್ಕೆ ಹಾರುವ ಯೋಜನೆಯಿದ್ದರೆ ನಡುವೆ ನಾಲ್ಕು ಗಂಟೆ ಬಿಡಿ. ಸಣ್ಣ ವಿಮಾನಗಳಲ್ಲಿ ಲಗೇಜು ಸಾಮಾನ್ಯವಾಗಿ 15 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಇನ್ನು ಮೊಂಬಾಸಾಕ್ಕೆ ಹೋಗುವ ಮದರಾಕಾ ಎಕ್ಸ್‌ಪ್ರೆಸ್ ರೈಲು ಹಿಡಿಯಬೇಕಿದ್ದರೆ ಊರೊಳಗೆ ಹೋಗಲೇಬೇಡಿ. ಅದರ ನೈರೋಬಿ ಟರ್ಮಿನಸ್ ಇರುವುದು ಏರ್‌ಪೋರ್ಟಿನ ಕಡೆಗೇ, ಸ್ಯೊಕಿಮಾವುನಲ್ಲಿ. ಅಲ್ಲಿಯೂ ನಾಯಿ ಮೂಸುವ ತಪಾಸಣೆ ಇದೆ, ಒಂದು ಗಂಟೆ ಮೊದಲು ಇರಬೇಕು.

ಆಡಿಸ್ ಅಬಾಬಾ

ಬೋಲೆ ಏರ್‌ಪೋರ್ಟ್ ಊರಿಗೆ ಅಂಟಿಕೊಂಡೇ ಇದೆ. ಬೋಲೆ ರಸ್ತೆ ನೇರ ಮೆಸ್ಕೆಲ್ ಚೌಕಕ್ಕೆ ಹೋಗುತ್ತದೆ. ಖಾಲಿ ರಸ್ತೆಯಲ್ಲಿ ಕಾಲು ಗಂಟೆ, ಕಚೇರಿ ಬಿಡುವ ಹೊತ್ತಿನಲ್ಲಿ ಮುಕ್ಕಾಲು ಗಂಟೆ. 2015ರಿಂದ ಓಡುತ್ತಿರುವ ಲೈಟ್ ರೈಲು ಏರ್‌ಪೋರ್ಟಿಗೆ ಬರುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಫ್ರಿಕನ್ ಯೂನಿಯನ್‌ನ ಶೃಂಗಸಭೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಇಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ರಾಷ್ಟ್ರಾಧ್ಯಕ್ಷರ ಕಾರುಗಳ ಸಾಲು ಹೋಗುವಾಗ ಬೋಲೆ ರಸ್ತೆಯನ್ನೇ ಮುಚ್ಚುತ್ತಾರೆ, ಹೋಟೆಲ್ ದರವೂ ಏರುತ್ತದೆ.

ಇಲ್ಲಿ ಊಬರ್ ಇಲ್ಲ, ಬೋಲ್ಟೂ ಇಲ್ಲ. ರೈಡ್, ಫೆರೆಸ್ ಎಂಬ ಇಥಿಯೋಪಿಯಾದ ಆ್ಯಪ್‌ಗಳಿವೆ. ಆ್ಯಪ್ ಇಲ್ಲದಿದ್ದರೂ ಸ್ಥಳೀಯ ಸಿಮ್‌ನಿಂದ 8294ಕ್ಕೆ ಫೋನ್ ಮಾಡಿದರೆ ರೈಡ್ ಕಾರು ಕಳಿಸುತ್ತದೆ. ಇದು ಸ್ಥಳೀಯ ಕಿರು ಸಂಖ್ಯೆ, ಭಾರತದ ಸಿಮ್‌ನಿಂದ ತಾಗುವುದನ್ನು ನಂಬಿ ಕೂರಬೇಡಿ. ಪಾವತಿ ಅಲ್ಲಿನ ಕರೆನ್ಸಿ ಬಿರ್‌ನಲ್ಲಿ, ನಗದಾಗಿ. 2024ರ ಜುಲೈನಲ್ಲಿ ಬಿರ್ ಅನ್ನು ಮಾರುಕಟ್ಟೆ ದರಕ್ಕೆ ಬಿಟ್ಟ ಮೇಲೆ ಅದರ ಬೆಲೆ ಅರ್ಧಕ್ಕಿಂತ ಕೆಳಗೆ ಹೋಯಿತು. ಅದಕ್ಕೂ ಹಿಂದಿನ ಬರಹಗಳಲ್ಲಿ ಓದಿದ ಟ್ಯಾಕ್ಸಿ ದರಗಳನ್ನು ಮರೆತುಬಿಡಿ.

ಕಾರು ಎಲ್ಲಿ ನಿಂತಿರುತ್ತದೆ ಎಂಬುದೇ ಬೋಲೆಯಲ್ಲಿ ಹೊಸಬರನ್ನು ಸುಸ್ತು ಮಾಡುವ ಸಂಗತಿ. ಟಿಕೆಟ್ ಇಲ್ಲದವರನ್ನು ಟರ್ಮಿನಲ್ ಬಾಗಿಲಿನವರೆಗೆ ಬಿಡುವುದಿಲ್ಲ. ಕರೆದುಕೊಂಡು ಹೋಗಲು ಬಂದ ನೆಂಟರು, ಆ್ಯಪ್ ಕ್ಯಾಬ್‌ಗಳು, ಹೋಟೆಲ್ ವ್ಯಾನುಗಳು ಎಲ್ಲವೂ ಕಾಯುವುದು ಎದುರಿನ ಪಾರ್ಕಿಂಗ್ ಜಾಗದಲ್ಲಿ. ಟ್ರಾಲಿ ತಳ್ಳಿಕೊಂಡು ಅಲ್ಲಿಯವರೆಗೆ ನೀವೇ ಹೋಗಬೇಕು. ಬಾಗಿಲಲ್ಲೇ ನಿಂತು ಹೆಸರಿನ ಬೋರ್ಡಿಗೆ ಕಾದರೆ ಯಾರೂ ಬರುವುದಿಲ್ಲ. ಆಗಮನದ ಹಾಲ್‌ನೊಳಗೆ ಹೋಟೆಲ್‌ಗಳ ಕೌಂಟರುಗಳಿವೆ. ಬೋಲೆ ಸುತ್ತಲಿನ ಹಲವು ಹೋಟೆಲ್‌ಗಳು ಉಚಿತ ವ್ಯಾನ್ ಕಳಿಸುತ್ತವೆ, ಆ ಕೌಂಟರಿನಲ್ಲಿ ಹೇಳಿದರೆ ಅವರೇ ಫೋನ್ ಮಾಡುತ್ತಾರೆ.

ಚಾಲಕರಿಗೆ ರಸ್ತೆಯ ಹೆಸರು, ಮನೆ ನಂಬರು ಹೇಳಿ ಪ್ರಯೋಜನವಿಲ್ಲ. ಗುರುತು ಹೇಳಬೇಕು: ಬೋಲೆ ಮೆಧಾನೆ ಅಲೆಂ ಚರ್ಚ್, ಮೆಗೆನಾಗ್ನಾ, ಮೆಕ್ಸಿಕೊ ಚೌಕ, ಸ್ಟೇಡಿಯಂ. ನೀವು ಇಳಿದುಕೊಳ್ಳುವ ಜಾಗಕ್ಕೆ ಹತ್ತಿರದ ಗುರುತು ಯಾವುದೆಂದು ಹೋಟೆಲಿನವರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ನೀಲಿ-ಬಿಳಿ ಮಿನಿಬಸ್ ಹತ್ತುವ ಧೈರ್ಯ ಇದ್ದರೆ ಅದೂ ಈ ಗುರುತುಗಳ ನಡುವೆಯೇ ಓಡುತ್ತದೆ. ಇಳಿಯಬೇಕಾದಾಗ ‘ವರಾಜ್ ಅಲೆ’ ಎಂದು ಗಟ್ಟಿಯಾಗಿ ಹೇಳಿದರೆ ನಿಲ್ಲಿಸುತ್ತಾರೆ.

ಗಡಿಯಾರದ ವಿಷಯವನ್ನು ಇಥಿಯೋಪಿಯಾದಲ್ಲಿ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಹೊತ್ತಿನ ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಅವರ ಒಂದು ಗಂಟೆ, ನಮ್ಮ ಮಧ್ಯಾಹ್ನ ಹನ್ನೆರಡು ಅವರ ಆರು. ‘ನಾಳೆ ನಾಲ್ಕಕ್ಕೆ ಬಾ’ ಎಂದು ಟ್ಯಾಕ್ಸಿಯವನಿಗೆ ಹೇಳಿದರೆ ಅವನು ಬೆಳಿಗ್ಗೆ ಹತ್ತಕ್ಕೆ ಬಂದು ಹಾರ್ನ್ ಹೊಡೆಯಬಹುದು, ನಿಮ್ಮ ವಿಮಾನ ಆರಕ್ಕೇ ಹೋಗಿರುತ್ತದೆ. ವಿಮಾನದ ಟಿಕೆಟ್‌ನಲ್ಲಿ ಇರುವುದು ನಮ್ಮ ಲೆಕ್ಕದ ಸಮಯವೇ. ಟ್ಯಾಕ್ಸಿ ಗೊತ್ತು ಮಾಡುವಾಗ ‘ಫೆರೆಂಜಿ ಟೈಮ್’ (ವಿದೇಶಿಯರ ಸಮಯ) ಎಂದು ಸೇರಿಸಿ, ಫೋನಿನ ಗಡಿಯಾರ ತೋರಿಸಿ, ಇನ್ನು ಎಷ್ಟು ಗಂಟೆ ಬಿಟ್ಟು ಬರಬೇಕೆಂದೂ ಹೇಳಿ.

ವಾಪಸ್ ಹೊರಡುವಾಗ: ಇಥಿಯೋಪಿಯನ್ ಏರ್‌ಲೈನ್ಸ್‌ನ ವಿಮಾನಗಳು ಅಲೆಅಲೆಯಾಗಿ ಹೊರಡುತ್ತವೆ. ಬೆಳಿಗ್ಗೆ ಆಫ್ರಿಕಾದ ಊರುಗಳಿಗೆ, ರಾತ್ರಿ ಹತ್ತರಿಂದ ನಡುರಾತ್ರಿ ದಾಟುವವರೆಗೆ ಯುರೋಪ್, ಏಷ್ಯಾ ಕಡೆಗೆ. ಹೀಗಾಗಿ ರಾತ್ರಿ ಎಂಟರಿಂದ ಟರ್ಮಿನಲ್ ಬಾಗಿಲಲ್ಲೇ ಸಾಲು. ಒಳಗೆ ಕಾಲಿಡುವಾಗ ಒಮ್ಮೆ, ಇಮಿಗ್ರೇಷನ್ ಆದ ಮೇಲೆ ಇನ್ನೊಮ್ಮೆ ತಪಾಸಣೆ, ಎರಡು ಕಡೆಯೂ ಬೆಲ್ಟು ಬೂಟು ಬಿಚ್ಚಬೇಕು. ಊರು ಹತ್ತಿರವೆಂದು ಎರಡು ಗಂಟೆ ಮೊದಲು ಹೊರಟವರು ಓಡುತ್ತಲೇ ಗೇಟು ಸೇರುತ್ತಾರೆ. ಮೂರೂವರೆ ಗಂಟೆ ಮೊದಲು ಹೋಟೆಲ್ ಬಿಡಿ.

ಭಾರತದಿಂದ ಆಫ್ರಿಕಾದ ಬೇರೆ ಊರುಗಳಿಗೆ ಹೋಗುವವರಲ್ಲಿ ಬಹಳ ಜನ ಇಲ್ಲಿ ವಿಮಾನ ಬದಲಿಸುತ್ತಾರೆ. ಬೇರೆ ಸಂಪರ್ಕವಿಲ್ಲದೆ ಎಂಟು ಗಂಟೆಗಿಂತ ಹೆಚ್ಚು ಕಾಯಬೇಕಾದರೆ ಏರ್‌ಲೈನ್‌ನವರೇ ಹೋಟೆಲ್ ಕೊಡುವ ವ್ಯವಸ್ಥೆಯಿದೆ. ನಿಮ್ಮ ಟಿಕೆಟ್‌ಗೆ ಅನ್ವಯಿಸುತ್ತದೆಯೇ ಎಂದು ಬುಕ್ ಮಾಡುವಾಗಲೇ ವಿಚಾರಿಸಿ. ಚೆಕ್-ಇನ್ ಮಾಡಿದ ದೊಡ್ಡ ಬ್ಯಾಗ್ ಕೈಗೆ ಸಿಗುವುದಿಲ್ಲ. ಊರು 2,300 ಮೀಟರ್ ಎತ್ತರದಲ್ಲಿರುವುದರಿಂದ ರಾತ್ರಿ ಚಳಿ, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ.

ಎಂಟೆಬೆಯಿಂದ ಕಂಪಾಲಾ

ಉಗಾಂಡಾದ ವಿಮಾನ ನಿಲ್ದಾಣ ರಾಜಧಾನಿಯಲ್ಲಿಲ್ಲ, ವಿಕ್ಟೋರಿಯಾ ಸರೋವರದ ದಂಡೆಯ ಎಂಟೆಬೆಯಲ್ಲಿದೆ. ಕಂಪಾಲಾಕ್ಕೆ ಎರಡು ದಾರಿ. ಕಜ್ಜಾನ್ಸಿ, ಕಿಬುಯೆ ಮೂಲಕ ಹೋಗುವ ಹಳೆಯ ಎಂಟೆಬೆ ರಸ್ತೆ, ಅಂಗಡಿ-ಮುಂಗಟ್ಟು, ಮಿನಿಬಸ್, ಬೈಕ್ ಟ್ಯಾಕ್ಸಿ ಎಲ್ಲ ತುಂಬಿಕೊಂಡಿದ್ದು. ಇನ್ನೊಂದು 2018ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ. 2022ರ ಜನವರಿಯಿಂದ ಇದಕ್ಕೆ ಟೋಲ್ ಇದೆ, ಕಾರಿಗೆ 5,000 ಶಿಲ್ಲಿಂಗ್ ಎಂದು ಶುರುವಾಯಿತು. ಬಾಡಿಗೆ ಮಾತಾಡುವಾಗ ‘ಎಕ್ಸ್‌ಪ್ರೆಸ್‌ವೇ ಟೋಲ್ ಸೇರಿ’ ಎಂದು ಬಾಯಿಬಿಟ್ಟು ಹೇಳಿಸಿಕೊಳ್ಳಿ. ಹೇಳದಿದ್ದರೆ ಚಾಲಕ ಟೋಲ್ ಉಳಿಸಲು ಹಳೆಯ ರಸ್ತೆ ಹಿಡಿಯುತ್ತಾನೆ, ನಿಮ್ಮ ಒಂದು ಗಂಟೆ ಹೋಗುತ್ತದೆ.

ಎಕ್ಸ್‌ಪ್ರೆಸ್‌ವೇ ಊರ ನಡುವಿನವರೆಗೆ ಬರುವುದಿಲ್ಲ. ಬುಸೇಗಾದಲ್ಲಿ ಅದು ಮುಗಿದ ಮೇಲೆ ಕಂಪಾಲಾದ ನಿಜವಾದ ಟ್ರಾಫಿಕ್ ಶುರು. ಮುನ್ಯೊನ್ಯೊ ಕಡೆಗೆ ಒಂದು ಕವಲು ಇದೆ. ಮುನ್ಯೊನ್ಯೊ, ಗ್ಗಾಬಾ, ಮುಯೆಂಗಾ ಭಾಗಗಳಲ್ಲಿ ಉಳಿದುಕೊಳ್ಳುವವರಿಗೆ ಆ ಕವಲೇ ಸರಿ, ಊರ ನಡುವನ್ನು ಮುಟ್ಟದೆಯೇ ಮನೆ ಸೇರಬಹುದು. ಹೋಟೆಲ್ ಯಾವ ಭಾಗದಲ್ಲಿದೆ ಎಂಬುದನ್ನು ದರಕ್ಕಿಂತ ಮೊದಲು ನೋಡಬೇಕಾದ ಊರು ಇದು.

ಇಲ್ಲಿ ‘ಟ್ಯಾಕ್ಸಿ’ ಎಂದರೆ ನೀಲಿ ಚೌಕಳಿ ಪಟ್ಟಿಯ, 14 ಸೀಟಿನ ಬಿಳಿ ಮಿನಿಬಸ್. ಕಾರು ಬೇಕಿದ್ದರೆ ‘ಸ್ಪೆಷಲ್ ಹೈರ್’ ಎಂದು ಕೇಳಿ. ಊಬರ್, ಬೋಲ್ಟ್, ಫರಾಸ್ ಇವೆ. ಏರ್‌ಪೋರ್ಟ್‌ನಿಂದ ಉದ್ದದ ಓಟವೆಂದು ಕೆಲ ಚಾಲಕರು ಆ್ಯಪ್‌ನ ಬುಕಿಂಗ್ ರದ್ದು ಮಾಡಿಸಿ, ಹೊರಗಡೆ ಬಾಡಿಗೆಗೆ ಬರುತ್ತೇನೆ ಎನ್ನುತ್ತಾರೆ. ಒಪ್ಪಿದರೆ ಯಾರ ಕಾರಿನಲ್ಲಿ ಹೋದಿರಿ ಎಂಬ ದಾಖಲೆಯೂ ರದ್ದಾದಂತೆ. ಮಿನಿಬಸ್‌ನಲ್ಲೇ ಹೋಗುವವರು ಮೊದಲು ಎಂಟೆಬೆ ಊರೊಳಗಿನ ಕಿಟೂರೊ ಎಂಬ ಮಿನಿಬಸ್ ನಿಲ್ದಾಣಕ್ಕೆ ಬಂದು ಅಲ್ಲಿಂದ ಕಂಪಾಲಾದ ಗಾಡಿ ಹತ್ತಬೇಕು. ಅದು ಟ್ಯಾಕ್ಸಿ ಪಾರ್ಕಿನಲ್ಲಿ ಇಳಿಸುತ್ತದೆ. ಗಾಡಿ ತುಂಬಿದ ಮೇಲೆಯೇ ಹೊರಡುವುದು, ಸೂಟ್‌ಕೇಸ್ ತಂದರೆ ಅದಕ್ಕೊಂದು ಸೀಟಿನ ದುಡ್ಡು ಕೇಳುತ್ತಾರೆ, ಕೇಳಿದ್ದು ಅನ್ಯಾಯವೂ ಅಲ್ಲ.

ಬೋಡಾ ಬೋಡಾ ಎಂಬ ಬೈಕ್ ಟ್ಯಾಕ್ಸಿ ಎಂಟೆಬೆ ಊರೊಳಗೆ ನಾಲ್ಕು ಕಿ.ಮೀ.ಗೆ ಸರಿ. ಕಂಪಾಲಾದವರೆಗೆ ಲಗೇಜು ಮಡಿಲಲ್ಲಿಟ್ಟುಕೊಂಡು ಹೋಗುವ ಸಾಹಸ ಬೇಡ. ಎಕ್ಸ್‌ಪ್ರೆಸ್‌ವೇಗೆ ಸಣ್ಣ ಬೈಕುಗಳನ್ನು ಬಿಡುವುದಿಲ್ಲ, ಹಳೆಯ ರಸ್ತೆಯಲ್ಲಿ ಲಾರಿಗಳ ನಡುವೆಯೇ ನುಸುಳಬೇಕು.

ಕಂಪಾಲಾದಿಂದ ಹೊರಡುವಾಗ, ಸಂಜೆ ಐದರಿಂದ ಎಂಟರ ನಡುವೆ ರಸ್ತೆಯಲ್ಲಿರುತ್ತೀರಿ ಎಂದಾದರೆ ವಿಮಾನದ ಹೊತ್ತಿಗೆ ಐದು ಗಂಟೆ ಮೊದಲೇ ಬಿಡಿ. ಬೇಗ ತಲುಪಿದರೆ ಎಂಟೆಬೆಯಲ್ಲಿ ಸರೋವರದ ಪಕ್ಕ ಕೂತು ಮೀನು ತಿನ್ನಬಹುದು. ನಡುರಾತ್ರಿ ಇಳಿಯುವ ಅಥವಾ ನಸುಕಿನಲ್ಲಿ ಹೊರಡುವ ವಿಮಾನವಾದರೆ ಒಂದು ರಾತ್ರಿ ಎಂಟೆಬೆಯಲ್ಲೇ ತಂಗುವುದು ಬುದ್ಧಿವಂತಿಕೆ. ಅಲ್ಲಿನ ಗೆಸ್ಟ್‌ಹೌಸ್‌ಗಳು ಹೆಚ್ಚಾಗಿ ಬದುಕುವುದೇ ಇಂಥ ಪ್ರಯಾಣಿಕರಿಂದ. ಏರ್‌ಪೋರ್ಟ್‌ಗೆ ಹತ್ತು ನಿಮಿಷ, ಕರೆತರುವ ಕಾರೂ ಅವರದೇ.

ಹಳದಿ ಜ್ವರದ ಲಸಿಕೆಯ ಕಾರ್ಡ್ ಉಗಾಂಡಾ ಪ್ರವೇಶಕ್ಕೆ ಬೇಕು. ಉಗಾಂಡಾ, ಕೆನ್ಯಾ, ಇಥಿಯೋಪಿಯಾದಿಂದ ವಾಪಸ್ ಬರುವಾಗ ಭಾರತದ ಏರ್‌ಪೋರ್ಟ್‌ನಲ್ಲೂ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆಯೇ ಅದು ಊರ್ಜಿತ. ಪಾಸ್‌ಪೋರ್ಟ್ ಜೊತೆಗೇ ಇಡಿ, ಚೆಕ್-ಇನ್ ಬ್ಯಾಗಿನಲ್ಲಲ್ಲ.

ಕಿಗಾಲಿ

ರುವಾಂಡಾದ ಈ ರಾಜಧಾನಿಯ ಬಗ್ಗೆ ಹೇಳುವುದು ಕಡಿಮೆ, ಊರು ಅಷ್ಟು ಸಲೀಸು. ಕನೊಂಬೆಯಲ್ಲಿರುವ ಏರ್‌ಪೋರ್ಟ್‌ನಿಂದ ಊರ ನಡುವಿಗೆ ಸುಮಾರು 10 ಕಿ.ಮೀ., ಅರ್ಧ ಗಂಟೆ. ಯೆಗೊ ಆ್ಯಪ್‌ನಲ್ಲಿ ಕ್ಯಾಬ್, ಮೋಟೊ (ಬೈಕ್ ಟ್ಯಾಕ್ಸಿ) ಎರಡೂ ಸಿಗುತ್ತವೆ. ಮೋಟೊದಲ್ಲಿ ಒಬ್ಬರೇ ಕೂರಬೇಕು, ಕೊಟ್ಟ ಹೆಲ್ಮೆಟ್ ಹಾಕಲೇಬೇಕು. ಕೆನ್ಯಾ, ಉಗಾಂಡಾಗಳಿಂದ ಬಂದವರು ನೆನಪಿಡಬೇಕಾದದ್ದು, ಇಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಪ್ಲಾಸ್ಟಿಕ್ ಕೈಚೀಲಗಳಿಗೆ 2008ರಿಂದ ನಿಷೇಧವಿದ್ದು, ಏರ್‌ಪೋರ್ಟ್‌ನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಚಟ್ನಿಪುಡಿ, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುವವರು ಡಬ್ಬಿಗೆ ಹಾಕಿಕೊಳ್ಳಿ.

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ 8ರಿಂದ 11ರವರೆಗೆ ‘ಉಮುಗಾಂಡ’, ಇಡೀ ದೇಶ ಊರು ಗುಡಿಸುವ, ಚರಂಡಿ ತೆಗೆಯುವ ಶ್ರಮದಾನಕ್ಕೆ ಇಳಿಯುತ್ತದೆ. ಅಂಗಡಿ ಮುಚ್ಚಿರುತ್ತವೆ, ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ ಕೇಳುತ್ತಾರೆ. ಆ ಹೊತ್ತಿಗೆ ವಿಮಾನ ಇದ್ದವರು ಟಿಕೆಟ್ ತೋರಿಸಿದರೆ ಬಿಡುತ್ತಾರೆ, ಆದರೆ ಕ್ಯಾಬ್ ಸಿಗುವುದು ಕಷ್ಟ. ಹಿಂದಿನ ದಿನವೇ ಚಾಲಕನನ್ನು ಗೊತ್ತು ಮಾಡಿ.

ಪ್ರಿಟೋರಿಯಾ

ದಕ್ಷಿಣ ಆಫ್ರಿಕಾದ ಆಡಳಿತ ರಾಜಧಾನಿ ಇದು, ಆದರೆ ಇಳಿಯುವುದು ಜೋಹಾನ್ಸ್‌ಬರ್ಗ್ ಬಳಿಯ ಒ.ಆರ್. ಟಾಂಬೊ ಏರ್‌ಪೋರ್ಟ್‌ನಲ್ಲಿ. ನಡುವೆ ಸುಮಾರು 50 ಕಿ.ಮೀ. ಗೌಟ್ರೇನ್ ಎಂಬ ವೇಗದ ರೈಲು 2010ರ ಜೂನ್‌ನಲ್ಲಿ ಏರ್‌ಪೋರ್ಟ್ ಮಾರ್ಗದಿಂದಲೇ ಶುರುವಾಯಿತು, ಗಂಟೆಗೆ 160 ಕಿ.ಮೀ.ವರೆಗೆ ಓಡುತ್ತದೆ. ಹಗಲಾದರೆ ಕಾರಿನ ಯೋಚನೆ ಬಿಟ್ಟು ಇದನ್ನೇ ಹಿಡಿಯಿರಿ.

ಸ್ಟೇಷನ್ ಟರ್ಮಿನಲ್ ಕಟ್ಟಡಕ್ಕೇ ಸೇರಿಕೊಂಡಿದೆ, ಫಲಕ ನೋಡಿಕೊಂಡು ಮೇಲಿನ ಅಂತಸ್ತಿಗೆ ಹೋಗಿ. ಅಲ್ಲಿ ಗೌಟ್ರೇನ್ ಕಾರ್ಡ್ ಕೊಳ್ಳಬಹುದು, ಇಲ್ಲವೇ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್, ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗಲಾಗದು. ಒಳಗೆ ಹೋಗುವಾಗ ತಾಗಿಸಿದ ಕಾರ್ಡನ್ನೇ ಹೊರಬರುವಾಗಲೂ ತಾಗಿಸಬೇಕು. ಏರ್‌ಪೋರ್ಟ್ ಸ್ಟೇಷನ್ನಿನ ಪ್ರಯಾಣಕ್ಕೆ ಉಳಿದ ಸ್ಟೇಷನ್ನುಗಳಿಗಿಂತ ಬಹಳ ಹೆಚ್ಚು ದರ. ಏರ್‌ಪೋರ್ಟ್ ರೈಲು ರೋಡ್ಸ್‌ಫೀಲ್ಡ್, ಮಾರ್ಲ್‌ಬರೊ ದಾಟಿ ಸ್ಯಾಂಡ್‌ಟನ್‌ಗೆ ಹೋಗುತ್ತದೆ, ಪ್ರಿಟೋರಿಯಾಕ್ಕಲ್ಲ. ಪ್ರಿಟೋರಿಯಾಕ್ಕೆ ಹೋಗುವವರು ಮಾರ್ಲ್‌ಬರೊದಲ್ಲಿ ಇಳಿದು, ಹ್ಯಾಟ್‌ಫೀಲ್ಡ್ ಎಂದು ಬೋರ್ಡ್ ಇರುವ ರೈಲಿಗೆ ಬದಲಿಸಬೇಕು. ನಿದ್ದೆಗಣ್ಣಿನಲ್ಲಿ ಸ್ಯಾಂಡ್‌ಟನ್‌ವರೆಗೆ ಹೋಗಿಬಿಟ್ಟರೆ ಗೇಟಿನಿಂದ ಹೊರಗೆ ಬರಬೇಡಿ, ಅಲ್ಲಿಂದಲೇ ಹ್ಯಾಟ್‌ಫೀಲ್ಡ್ ರೈಲು ಹಿಡಿಯಬಹುದು. ರೈಲಿನೊಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಚ್ಯೂಯಿಂಗ್ ಗಮ್ಮೂ ಇಲ್ಲ. ಕಾವಲಿನವರು ನೋಡಿದರೆ ದಂಡ.

ರಾಯಭಾರ ಕಚೇರಿಗಳ ಕೆಲಸವಿದ್ದವರಿಗೆ ಪ್ರಿಟೋರಿಯಾ ಸ್ಟೇಷನ್‌ಗಿಂತ ಕೊನೆಯ ಸ್ಟೇಷನ್ ಹ್ಯಾಟ್‌ಫೀಲ್ಡ್ ಒಳ್ಳೆಯದು, ಅವು ಹೆಚ್ಚಾಗಿ ಇರುವುದು ಅದರ ಸುತ್ತ ಮತ್ತು ಪಕ್ಕದ ಆರ್ಕೇಡಿಯಾದಲ್ಲಿ. ಪ್ರಿಟೋರಿಯಾ ಸ್ಟೇಷನ್ನಿನ ಸುತ್ತ ಕತ್ತಲಾದ ಮೇಲೆ ನಡೆದಾಡಬೇಡಿ. ರೈಲು ರಾತ್ರಿ ಒಂಬತ್ತರ ಸುಮಾರಿಗೆ ನಿಂತುಹೋಗುತ್ತದೆ, ಶನಿವಾರ ಭಾನುವಾರ ರೈಲುಗಳ ನಡುವಿನ ಅಂತರವೂ ಹೆಚ್ಚು. ತಡರಾತ್ರಿ ಇಳಿದರೆ ಹೋಟೆಲಿನ ಕಾರು ಅಥವಾ ಊಬರ್, ಬೋಲ್ಟ್. ರೈಲು ಸ್ಟೇಷನ್, ಮಾಲ್‌ಗಳ ಎದುರು ಮಿನಿಬಸ್ ಟ್ಯಾಕ್ಸಿಯವರಿಗೂ ಆ್ಯಪ್ ಚಾಲಕರಿಗೂ ಜಗಳ ಹಳೆಯದು. ಅದಕ್ಕೇ ಚಾಲಕ ಸ್ವಲ್ಪ ದೂರದಲ್ಲಿ ನಿಂತು ಅಲ್ಲಿಗೆ ಬನ್ನಿ ಎನ್ನಬಹುದು, ಮುಂದಿನ ಸೀಟಿನಲ್ಲಿ ಕೂರಿ ಎನ್ನಬಹುದು. ನಂಬರ್ ಪ್ಲೇಟ್ ಆ್ಯಪ್‌ನದಕ್ಕೆ ಹೊಂದಿದರೆ ಹೆದರಬೇಕಿಲ್ಲ.

ರೈಲು ಇರುವ ಇನ್ನಷ್ಟು ಊರುಗಳು

ಅಲ್ಜೀರಿಯಾದ ಅಲ್ಜೀರ್ಸ್‌ನಲ್ಲಿ 2019ರಿಂದ ಏರ್‌ಪೋರ್ಟ್ ಟರ್ಮಿನಲ್‌ನಿಂದ ಊರ ನಡುವಿನ ಆಘಾ ಸ್ಟೇಷನ್‌ಗೆ ರೈಲು ಇದೆ. ಮೊರಾಕ್ಕೊದ ರಬಾತ್‌ಗೆ ತನ್ನದೇ ಸಣ್ಣ ಏರ್‌ಪೋರ್ಟ್ ಇದ್ದರೂ ಹೆಚ್ಚಿನವರು ಇಳಿಯುವುದು ಕಾಸಾಬ್ಲಾಂಕಾದ ಮೊಹಮ್ಮದ್ 5ರಲ್ಲಿ. ಅಲ್ಲಿನ ನೆಲಮಾಳಿಗೆಯಿಂದ ರೈಲು ಹಿಡಿದು ಕಾಸಾ ವೊಯಾಜರ್‌ನಲ್ಲಿ ಬದಲಿಸಿ ರಬಾತ್ ಸೇರಬಹುದು. ಅಗ್ದಾಲ್, ವಿಲ್ ಎಂದು ರಬಾತ್‌ನಲ್ಲಿ ಎರಡು ಸ್ಟೇಷನ್, ಹಳೆಯ ಊರಿಗೆ ವಿಲ್ ಹತ್ತಿರ. ಸ್ಟೇಷನ್‌ನಿಂದ ಮುಂದೆ ನೀಲಿ ಬಣ್ಣದ ‘ಪೆಟಿ ಟ್ಯಾಕ್ಸಿ’ಯಲ್ಲಿ ಮೂರೇ ಜನ, ಊರ ಮಿತಿಯೊಳಗೆ ಮಾತ್ರ, ಮೀಟರ್ ಹಾಕಿಸಿ. ರಾತ್ರಿ ಮೀಟರಿನ ಮೇಲೆ ಅರ್ಧ ಜಾಸ್ತಿ ಕೇಳಿದರೆ ಅದು ನಿಯಮವೇ, ಮೋಸವಲ್ಲ.

ನೈಜೀರಿಯಾದ ಅಬುಜಾದಲ್ಲಿ ಊರಿನಿಂದ ಏರ್‌ಪೋರ್ಟ್‌ವರೆಗಿನ ಲೈಟ್ ರೈಲು 2018ರಲ್ಲಿ ಶುರುವಾಗಿ, 2020ರಲ್ಲಿ ನಿಂತು, 2024ರ ಮೇ ಕೊನೆಯಲ್ಲಿ ಮತ್ತೆ ಹಳಿಗೆ ಬಂತು. ಇಂಥ ಚರಿತ್ರೆಯ ರೈಲನ್ನು ಊರಿಗೆ ಹೋಗಲು ಬಳಸಿ, ವಿಮಾನ ಹಿಡಿಯಲು ನಂಬಬೇಡಿ. ಸೆನೆಗಲ್‌ನ ಡಾಕರ್‌ನಲ್ಲಿ 2017ರ ಡಿಸೆಂಬರ್‌ನಿಂದ ಏರ್‌ಪೋರ್ಟ್ ಊರಾಚೆ 45 ಕಿ.ಮೀ.ಗೂ ದೂರದ ಡಿಯಾಸ್‌ಗೆ ಹೋಗಿದೆ. ಹಳೆಯ ಏರ್‌ಪೋರ್ಟ್ ಊರೊಳಗೇ ಇತ್ತು, ಹಳೆಯ ಮಾಹಿತಿ ನೋಡಿ ಪಕ್ಕದಲ್ಲಿ ಹೋಟೆಲ್ ಹಿಡಿದವರು ಕೆಟ್ಟರು. ಟೋಲ್ ರಸ್ತೆ ಚೆನ್ನಾಗಿದೆ. 2021ರ ಕೊನೆಗೆ ಡಯಾಮ್ನಿಯಾಡಿಯೊವರೆಗೆ ಶುರುವಾದ ರೈಲು ನೀವು ಹೋಗುವ ಹೊತ್ತಿಗೆ ಏರ್‌ಪೋರ್ಟ್ ಮುಟ್ಟಿದೆಯೇ ಎಂದು ವಿಚಾರಿಸಿಕೊಳ್ಳಿ.

ಟಾಂಜಾನಿಯಾದ ರಾಜಧಾನಿ ಡೊಡೊಮಾ, ಆದರೆ ಭಾರತದಿಂದ ಹೋಗುವವರು ಇಳಿಯುವುದು ದಾರ್ ಎಸ್ ಸಲಾಮ್‌ನಲ್ಲಿ. 2024ರ ಜುಲೈ ಕೊನೆಯಿಂದ ಇವೆರಡರ ನಡುವೆ ಹೊಸ ಎಲೆಕ್ಟ್ರಿಕ್ ರೈಲು ಓಡುತ್ತಿದೆ, ನಾಲ್ಕು ಗಂಟೆಯ ಒಳಗೆ ಡೊಡೊಮಾ. ಸರ್ಕಾರಿ ಕಚೇರಿಯಲ್ಲಿ ಕೆಲಸವಿದ್ದವರು ಅದೇ ದಿನ ಹೋಗುವುದಾದರೆ ಟಿಕೆಟ್ ಮುಂಚಿತವಾಗಿ ಮಾಡಿಸಿ.

ನಡುರಾತ್ರಿ ಇಳಿದಾಗ

ಭಾರತದಿಂದ ಹೊರಟ ವಿಮಾನಗಳಲ್ಲಿ ಕೆಲವು ನಸುಕಿನಲ್ಲಿ, ಕೆಲವು ನಡುರಾತ್ರಿ ಮುಟ್ಟುತ್ತವೆ. ಅಂಥ ಹೊತ್ತಿಗೆ ಮೊದಲ ಸಲ ಹೋಗುವ ಊರಾದರೆ ಎರಡು ಕಾಸು ಹೆಚ್ಚಾದರೂ ಹೋಟೆಲಿನವರಿಂದಲೇ ಕಾರು ಹೇಳಿಸಿ. ಚಾಲಕನ ಹೆಸರು, ಕಾರಿನ ನಂಬರ್, ಅವನ ಫೋನ್ ನಂಬರ್ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಬೋರ್ಡಿನ ಮೇಲೆ ನಿಮ್ಮ ಹೆಸರಿನ ಜೊತೆ ಹೋಟೆಲಿನ ಹೆಸರೂ ಇರಲಿ ಎಂದು ಹೇಳಿ. ನಿಮ್ಮ ಬ್ಯಾಗಿನ ಟ್ಯಾಗ್ ಓದಿ ‘ಮಿಸ್ಟರ್ ಹೆಗಡೆ, ನಿಮ್ಮ ಹೋಟೆಲಿನಿಂದ ಬಂದಿದ್ದೇನೆ’ ಎನ್ನುವವನು ಹೋಟೆಲಿನ ಹೆಸರು ಹೇಳಲಾರ. ಯಾವ ಹೋಟೆಲ್ ಎಂದು ಅವನನ್ನೇ ಕೇಳಿ, ನೀವಾಗಿ ಹೇಳಬೇಡಿ.

ಆ್ಯಪ್ ಕೈಕೊಟ್ಟು ಟ್ಯಾಕ್ಸಿಯನ್ನೇ ಮಾತಾಡಬೇಕಾದರೆ, ಬ್ಯಾಗು ಡಿಕ್ಕಿಗೆ ಹೋಗುವ ಮೊದಲು ಚೌಕಾಸಿ ಮುಗಿದಿರಬೇಕು. ದರ ಇಡೀ ಕಾರಿಗೋ, ತಲೆಗೋ? ಯಾವ ಕರೆನ್ಸಿ? ಟೋಲ್, ಪಾರ್ಕಿಂಗ್ ಸೇರಿದೆಯೇ? ಒಪ್ಪಿದ ಮೊತ್ತವನ್ನು ಫೋನಿನಲ್ಲಿ ಟೈಪ್ ಮಾಡಿ ಅವನಿಗೆ ತೋರಿಸಿ, ತಲೆಯಾಡಿಸಿದ ಮೇಲೆ ಹತ್ತಿ. ಹದಿನೈದೋ ಐವತ್ತೋ ಎಂಬ ಗೊಂದಲ ಇಳಿಯುವ ಹೊತ್ತಿಗೆ ಹುಟ್ಟುವುದು ಬೇಡ.